ವಾಸಾಚಾರ್ರು ಏಳುವ ಕ್ರಮ

ವಾಸಾಚಾರ್ರು ನೆಲದಿಂದ ಎದ್ದು ನಿಲ್ಲಲು ಐದು ಹಂತಗಳು ಬೇಕಿತ್ತು. ಮೊದಲು ಎಡಮಗ್ಗುಲಿಗೆ ಹೊರಳುವುದು. ಆಮೇಲೆ ಮೊಣಕೈ ಊರುವುದು. ಆಮೇಲೆ ದನದ ಹಾಗೆ ಎರಡೂ ಮಂಡಿ. ಅಲ್ಲೊಂದು ನಿಲುಗಡೆ, ಕಣ್ಣು ಮುಚ್ಚಿ, ಏನನ್ನೋ ನುಂಗುವಂತೆ ಗಂಟಲು ಆಡಿಸುವರು. ಕೊನೆಗೆ ಕೈಗೆ ಸಿಕ್ಕಿದ್ದನ್ನು ಹಿಡಿದು ನಿಲ್ಲುವುದು. ಐದು ಎಂದೆನೆ? ಆರೂ ಇರಬಹುದು. ಕೈಕೊಟ್ಟು ಎಬ್ಬಿಸಿದವನಿಗೆ ಸರಿಯಾಗಿ ಗೊತ್ತಿರುತ್ತಿತ್ತು. ನಾನು ನೋಡುತ್ತಿದ್ದವನು.

ಹಂಗಾರಕಟ್ಟೆಯಲ್ಲಿ ಅವರು ದೋಣಿ ಕಟ್ಟುವ ಆಚಾರಿ. ದೋಣಿಯ ಅಡಿಯಲ್ಲಿ ಅಂಗಾತ ಮಲಗಿ ಹಲಗೆಯ ಸಂದಿಗೆ ನೀರು ನುಗ್ಗದಂತೆ ಹತ್ತಿ ತುಂಬುವುದರಲ್ಲಿ ಅವರದು ಎತ್ತಿದ ಕೈ. ಹಾಗೆ ಮಲಗಿದ್ದಾಗಲೇ ಒಂದು ದಿನ ಆನಿಸಿದ್ದ ಮರ ಜಾರಿ ದೋಣಿ ಸೊಂಟದ ಮೇಲೆ ವಾಲಿತು. ಆಮೇಲೆ ಅವರಿಗೆ ಕೂರಲಾಗುತ್ತಿರಲಿಲ್ಲ. ಒಂದೋ ನಿಲ್ಲಬೇಕು, ಇಲ್ಲವೇ ಮಲಗಬೇಕು. ಊಟವೂ ನಿಂತೇ. ಖಾಲಿ ಬಸ್ಸಿನಲ್ಲೂ ಕಂಬಿ ಹಿಡಿದು ನಿಂತಿರುತ್ತಿದ್ದರು.

"ಹ್ವಾಯ್ ಆಚಾರ್ರೆ, ಸೀಟಗೆ ಮುಳ್ಳಿತ್ತಾ?" ಎಂದು ಕಂಡಕ್ಟರ್ ಕೇಳಿದರೆ, "ಮುಳ್ಳ್ ಸೀಟಗಿಲ್ಲೆ ಮಾರಾಯ, ನನ್ನೊಳ್ಗಿತ್ತ್" ಎನ್ನುವರು.

ಅಂಗವಿಕಲರ ಕಾರ್ಡಿಗೆ ನಲವತ್ತು ಪರ್ಸೆಂಟು ಬೇಕು. ತಪಾಸಣೆ ಮಾಡಿದವರು ಇವರಿಗೆ ಮೂವತ್ತೆಂಟು ಬರೆದರು. "ಉಳ್ದ್ ಎರ್ಡ್ ಪರ್ಸೆಂಟ್ ನೋವು ಎಲ್ಲಿತ್ತ್ ಅಂದೇಳಿ ಹುಡುಕ್ತಾ ಇದ್ದೆ ಮಾಷ್ಟ್ರೆ. ಸಿಕ್ಕಿರೆ ಹೇಳ್ತೆ" ಎಂದು ನನಗೆ ಹೇಳಿದ್ದರು. ನಾನು ಅವರ ನೆರೆಯವನು, ಶಾಲೆಯಿಂದ ನಿವೃತ್ತನಾದವನು.

ಆಚಾರ್ರ ಮೇಲೆ ಬಿದ್ದ ಕೇಸು ಸಣ್ಣದು. ಸೊಂಟದ ಮೇಲೆ ವಾಲಿದ ಆ ದೋಣಿಯ ಯಜಮಾನ ನಾಲ್ಕು ಜನರೆದುರು "ಸೊಂಟನೋವೆಲ್ಲ ನಾಟ್ಕ" ಎಂದ. ಇವರು ಮಲಗಿದಲ್ಲಿಂದಲೇ ಕೊಡತಿ, ಅಂದರೆ ಮರದ ಸುತ್ತಿಗೆ, ಎಸೆದರು. ಯಜಮಾನನ ಭುಜದ ಮೂಳೆ ಬಿರುಕು ಬಿಟ್ಟಿತು. ಆಚಾರ್ರು ಸುಳ್ಳು ಹೇಳಲಿಲ್ಲ. "ಎಸ್ದದ್ ಹೌದ್. ಬಾಯಿಗೆ ಎಸ್ದದ್. ಸೊಂಟ ಸಮ ಇದ್ದಿರೆ ಗುರಿ ತಪ್ತಿರ್ಲಿಲ್ಲ."

ಜಾಮೀನು ಸಿಕ್ಕಿತು, ಎರಡು ಷರತ್ತಿನ ಮೇಲೆ: ಪ್ರತಿ ಸೋಮವಾರ ಠಾಣೆಯಲ್ಲಿ ಸಹಿ, ಪ್ರತಿ ವಾಯಿದೆಗೆ ಖುದ್ದು ಹಾಜರಿ. ಒಂದು ತಪ್ಪಿದರೂ ಒಳಗೆ. ಪಹಣಿ ಕೊಟ್ಟು ಜಾಮೀನು ನಿಂತವನು ನಾನು. ಕರುಣೆಯಿಂದ ಎಂದು ಬಹಳ ಕಾಲ ನಂಬಿದ್ದೆ. ಊರವರು ನೋಡಲಿ ಎಂದೂ ಇದ್ದೀತು.

ಠಾಣೆಯ ರಿಜಿಸ್ಟರು ಗಿಡ್ಡ ಮೇಜಿನ ಮೇಲಿತ್ತು. ಹೊಸದಾಗಿ ಬಂದ ಪೇದೆಯೊಬ್ಬ, "ಕೂತು ಸಹಿ ಮಾಡಿ, ಮರ್ಯಾದೆ ಕೊಟ್ರೆ ತಗೊಳ್ಳಿ" ಎಂದ.

"ಕೂಕಂಬುಕೆ ಆತಿಲ್ಲೆ ಸ್ವಾಮಿ."

"ನಿಂತವರಿಗೆ ಪುಸ್ತಕ ಎತ್ತಿ ಕೊಡೋಕೆ ನಾನೇನು ನಿಮ್ಮ ಆಳಾ?"

ಬಗ್ಗುವುದೂ ಆಗದೆ ಆಚಾರ್ರು ಮಂಡಿಯೂರಿದರು. ಬೆವರು ಹಾಳೆಯ ಮೇಲೆ ಬಿತ್ತು. ಅದನ್ನು ವಿನಯ ಎಂದುಕೊಂಡನೇನೋ, ಆತ ಸಮಾಧಾನಗೊಂಡ. ಅಂದಿನಿಂದ ಪ್ರತಿ ಸೋಮವಾರ ಮಂಡಿಯೂರಿಯೇ ಸಹಿ. ಜೊತೆಗೆ ಹೋಗುತ್ತಿದ್ದ ನಾನೇ ಪುಸ್ತಕ ಎತ್ತಿ ಹಿಡಿಯಬಹುದಿತ್ತು. ಹೊಳೆಯಲಿಲ್ಲ ಎಂದು ಬರೆಯಲು ಹೊರಟಿದ್ದೆ. ಹೊಳೆದಿತ್ತು.

ಸಮುದ್ರದವರಿಗೆ ದಿನದ ಲೆಕ್ಕವೆಲ್ಲ ನೀರಿನ ಏರಿಳಿತದ ಮೇಲೆ. ತನ್ನ ನೋವೂ ಭರತದ ಜೊತೆ ಏರುತ್ತದೆ ಎಂದು ಆಚಾರ್ರ ನಂಬಿಕೆ. ಒಮ್ಮೆ ಕಟಕಟೆಯಲ್ಲಿ ನಿಂತು ಕೈಮುಗಿದು ಕೇಳಿದರು: "ಹುಣ್ಣಿಮಿ, ಅಮಾಸಿ ಹತ್ರ ವಾಯ್ದಿ ಹಾಕ್ಬೇಡಿ ಸ್ವಾಮಿ. ಬಪ್ಪುಕೆ ಆತಿಲ್ಲೆ." ಇಡೀ ಕೋರ್ಟು ನಕ್ಕಿತು. ಅವರ ವಕೀಲ ಎಲ್ಲರಿಗಿಂತ ಜೋರಾಗಿ ನಕ್ಕ. ನಾನೂ ನಕ್ಕೆ. ಮುಂದಿನ ವಾಯಿದೆ ಅಮಾವಾಸ್ಯೆಯ ಮರುದಿನ ಬಿತ್ತು. ಬೇಕೆಂದೇ ಹಾಕಿದ್ದಲ್ಲ. ಯಾರೂ ಪಂಚಾಂಗ ನೋಡಿರಲಿಲ್ಲ, ಅಷ್ಟೆ.

ಆ ದಿನ ಹನ್ನೊಂದರಿಂದ ಮೂರರವರೆಗೆ ಅವರು ಕೋರ್ಟಿನ ಜಗಲಿಯಲ್ಲಿ ಬೆಂಚಿನ ಪಕ್ಕ ಮಲಗಿದ್ದರು. ಜನ ದಾಟಿಕೊಂಡು ಓಡಾಡಿದರು. ಒಬ್ಬ ಹೆಂಗಸು ಮೂಗಿಗೆ ಸೆರಗು ಹಿಡಿದಳು; ಕುಡಿದು ಬಿದ್ದಿದ್ದಾನೆಂದು ಭಾವಿಸಿರಬೇಕು. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಿದರು. "ನೀವು ಇಲ್ಲೆಂತಕೆ ಮಾಷ್ಟ್ರೆ?" ಎಂದರು. "ಜಾಗದ ಕೆಲಸ" ಎಂದು ಅವರನ್ನು ಮೆಟ್ಟಿಲ ಕಡೆಗೆ ಕರೆದೊಯ್ದೆ.

ಜವಾನ ಬಾಗಿಲಿಗೆ ಬಂದು ಹೆಸರು ಕೂಗಿದ. ಆಚಾರ್ರು ಹೊರಳಿದರು. ಎರಡನೆಯ ಕೂಗಿಗೆ ಮಂಡಿಯ ಮೇಲಿದ್ದರು. "ಬಂದೆ" ಎಂದರೋ ಏನೋ, ದನಿ ಬರಲಿಲ್ಲ. "ಇದ್ದಾರೆ, ಏಳುತ್ತಿದ್ದಾರೆ" ಎಂದು ನಾನು ಕೂಗಿದ್ದರೆ ಸಾಕಿತ್ತು. ಸಹೋದ್ಯೋಗಿ ಮಗಳ ಮದುವೆಯ ವಿಷಯ ಹೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಮೂರನೆಯ ಕೂಗೂ ಆಯಿತು. ಆಚಾರ್ರು ಗೋಡೆ ಹಿಡಿದು ಬಾಗಿಲು ಮುಟ್ಟುವಷ್ಟರಲ್ಲಿ ಗೈರುಹಾಜರಿ ಬರೆದು ವಾರಂಟು ಆಗಿತ್ತು.

ಅಂದು ಸಂಜೆಯೊಳಗೆ ವಕೀಲ ಅರ್ಜಿ ಹಾಕಿ ವಾರಂಟು ರದ್ದು ಮಾಡಿಸಿದ. ಆದರೆ ನನಗೆ ಭಯ ಹತ್ತಿತು. ಮತ್ತೊಮ್ಮೆ ತಪ್ಪಿದರೆ ನನ್ನ ಪಹಣಿಯ ಗತಿಯೇನು? ಮನೆಯಲ್ಲಿ ಒತ್ತಾಯ ಮಾಡಿದರು ಎಂದು ಎಲ್ಲರಿಗೂ ಹೇಳಿದ್ದೇನೆ. ಹೆಂಡತಿ ಹೇಳಿದ್ದು ಇಷ್ಟೇ: "ನೀವೇ ನಿಂತದ್, ನೀವೇ ಕಾಣಿ." ಜಾಮೀನು ಹಿಂತೆಗೆದುಕೊಳ್ಳುವ ಅರ್ಜಿಯಲ್ಲಿ ನನ್ನ ಕಡೆಯ ವಕೀಲ 'ಆರೋಪಿಯು ನನ್ನ ಹತೋಟಿಯಲ್ಲಿಲ್ಲ' ಎಂದು ಬರೆದಿದ್ದ. ಕುರ್ಚಿಯಲ್ಲಿ ಆರಾಮಾಗಿ ಕೂತು ಸಹಿ ಮಾಡಿದೆ.

"ಬೇರೆ ಜಾಮೀನುದಾರರು ಇದ್ದಾರೆಯೇ?" ಎಂದು ಕೋರ್ಟು ಆಚಾರ್ರನ್ನು ಕೇಳಿತು.

"ಇವತ್ತಿಗೆ ಇಲ್ಲೆ ಸ್ವಾಮಿ. ತಂಗಿ ಬೈಂದೂರಗಿದ್ಳ್, ಅವ್ಳಿಗೆ ಹೇಳ್ಕ್."

ತಂಗಿಯ ಗಂಡ ಬಂದು ಜೈಲಿನಿಂದ ಬಿಡಿಸಿದ್ದು ಹತ್ತೊಂಬತ್ತು ದಿನದ ಮೇಲೆ. ಈಗ ಆಚಾರ್ರು ಬೈಂದೂರಿನಲ್ಲೇ ಇದ್ದಾರಂತೆ. ನಾನು ಹೋಗಿಲ್ಲ. ಕೊನೆಯದಾಗಿ ನೋಡಿದ್ದು ಆವತ್ತು, ಒಳಗೆ ಕಳಿಸುವಾಗ, ಜೀಪಿನ ಹತ್ತಿರ. ಸೀಟಿನಲ್ಲಿ ಕೂರಲಾಗದೆ ಅವರು ಹಿಂಬದಿಯ ನೆಲದ ಮೇಲೆ ಒರಗಿದ್ದರು. ಕಾಲು ಮಾತ್ರ ಹೊರಗೆ ಉಳಿದಿತ್ತು. ಪೇದೆ ಬಾಗಿಲು ಹಿಡಿದು, ಆಕಳಿಸುತ್ತಾ ಕಾಯುತ್ತಿದ್ದ. ಅವರು ನನ್ನನ್ನು ಕ್ಷಮಿಸಿದಂತೆ ನೋಡಿದರು ಎಂದು ನೆನಪು ಹೇಳುತ್ತದೆ. ನೆನಪಿಗೆ ನಾಚಿಕೆಯಿಲ್ಲ. ಅವರು ಕಣ್ಣು ಮುಚ್ಚಿದ್ದರು.

"ಮಾಷ್ಟ್ರೆ, ಒಂಚೂರ್ ಕಾಲ್ ಎತ್ತಿ ಒಳ್ಗ್ ಇಡಿ."

ನಾನು ಅವರನ್ನು ಮುಟ್ಟಿದ್ದು ಅದೇ ಮೊದಲು. ಎರಡೂ ಕೈಯಿಂದ ಕಾಲು ಎತ್ತಿದೆ. ಒಳಗಿಟ್ಟ ಮೇಲೂ ಹಿಡಿದೇ ಇದ್ದೆ.

"ಇನ್ನ್ ಬಿಡ್ಲಕ್ಕ್" ಎಂದರು.

ಬಿಟ್ಟೆ.