ಮೂರು ಅಡಿ ಎತ್ತರದ ಡೇರೆ

ಬೆನ್ನ ಮೇಲೆ ಗಂಟು ಹೊತ್ತು ಐದು ದಿನ ನಡೆಯುವವರಿಗೆ ಬೇಕಾದ ಸಾಮಾನು ನಮ್ಮ ಯಾದಗಿರಿ ಸೀಮೆಯಲ್ಲಿ ಎಲ್ಲೆಲ್ಲಿ ಸಿಗುತ್ತದೆ ಎಂಬುದನ್ನು ಈಗ ನಾನು ಯಾರಿಗಾದರೂ ಹೇಳಬಲ್ಲೆ. ಹಾಗೆಂದು ಕೇಳಿದವರು ಯಾರೂ ಇಲ್ಲ. ನನ್ನನ್ನು ಎಲ್ಲರೂ ಕೇಳಿದ್ದು ಬೇರೆಯದೇ ಪ್ರಶ್ನೆ. ಯಾದಗಿರಿಯಲ್ಲಿ, ಶಹಾಪುರದಲ್ಲಿ, ಸುರಪುರದಲ್ಲಿ ಅದೇ ಪ್ರಶ್ನೆಯನ್ನು ಒಂದೇ ಧಾಟಿಯಲ್ಲಿ ಕೇಳಿದರು.

"ಮೊಮ್ಮಗಗ ಏನ್ರಿ ಅಕ್ಕೋರ?"

ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದ ನನ್ನನ್ನು ಜನ ಇನ್ನೂ ಅಕ್ಕೋರು ಎಂದೇ ಕರೆಯುತ್ತಾರೆ. ಆ ಗೌರವಕ್ಕೆ ನಾನು ಋಣಿ. ಆದರೆ ನನಗೆ ಮೊಮ್ಮಗನಿಲ್ಲ. ಚೀಲವೂ ಡೇರೆಯೂ ನನಗೇ ಬೇಕಾಗಿದ್ದವು. ಪ್ರತಿ ಅಂಗಡಿಯಲ್ಲಿ ಅದನ್ನು ಮೊದಲಿನಿಂದ ವಿವರಿಸುವುದೇ ಒಂದು ದಣಿವು.

ಬೆಳಗಿನ ಹೊತ್ತು ಕಾಲೇಜು ಮೈದಾನದಲ್ಲಿ ಸುತ್ತು ಹಾಕುವ ನಿವೃತ್ತರ ಗುಂಪೊಂದಿದೆ. ಎಂಟು ಜನ. ಮುಂದಾಳು ನನ್ನ ಶಾಲೆಯಲ್ಲೇ ಇದ್ದ ಪಿ.ಟಿ. ಮಾಸ್ತರರು. ಸೀಟಿ ಈಗ ಕೊರಳಲ್ಲಿಲ್ಲ, ದನಿಯಲ್ಲಿದೆ. ದೀಪಾವಳಿ ಕಳೆದ ವಾರ ಚಹಾದ ಅಂಗಡಿಯ ಮುಂದೆ ನಿಂತು ಅವರು ಒಂದು ಯೋಜನೆ ಸಾರಿದರು. ಡಿಸೆಂಬರಿನಲ್ಲಿ ಯಾದಗಿರಿಯಿಂದ ಹೊಲದ ಹಾದಿ ಹಿಡಿದು, ಶಹಾಪುರ, ಸುರಪುರ ಹಾದು, ಕೃಷ್ಣೆಯ ದಂಡೆಯ ತಿಂಥಣಿಯವರೆಗೆ ಕಾಲ್ನಡಿಗೆ. ರಾತ್ರಿ ಡೇರೆಯಲ್ಲಿ ಮಲಗುವುದು. ಅಡುಗೆ ಸಾಮಾನು, ಬುತ್ತಿ ಮಾತ್ರ ಜೀಪಿನಲ್ಲಿ.

"ತಮ್ಮ ಗಂಟು ತಾವೇ ಹೊರಬೇಕ್ರಿ. ಎಂಟು ಕಿಲೋ ದಾಟಬಾರದು. ದಾಟಿದ್ರ ಗಂಟೂ ಜೀಪಿಗೆ, ಗಂಟಿನ ಧಣಿನೂ ಜೀಪಿಗೆ. ನಡುಹಾದ್ಯಾಗ ಮೊಣಕಾಲು ಹಿಡ್ಕೊಂಡು ಕುಂತ್ರ ನಾ ಎತ್ಕೊಂಡು ಹೋಗಾಂವಲ್ಲ."

ಎಲ್ಲರೂ ತಲೆದೂಗಿದರು. ಆಗ ಅವರು ನನ್ನ ಕಡೆ ತಿರುಗಿದರು.

"ಅಕ್ಕೋರ, ನಿಮಗೇನ್ ಚಿಂತಿ ಇಲ್ರಿ. ನೀವು ಸೀದಾ ಜೀಪಿನ್ಯಾಗ ಬರ್ರಿ. ಬುತ್ತಿ ಗಂಟು ನೋಡಿಕೊಳ್ಳಾಕ ಒಬ್ರು ಬೇಕಲ್ರಿ."

ಏಳು ಜನರೂ ನಕ್ಕರು. ನಿವೃತ್ತ ಗುಮಾಸ್ತರೊಬ್ಬರು ಉಳಿದವರಿಗಿಂತ ಹೆಚ್ಚು ಹೊತ್ತು ನಕ್ಕರು. ಅವರ ಕೈಯಲ್ಲಿದ್ದ ಚಹಾ ಎರಡು ಸಲ ತುಳುಕಿತು.

ಆ ಮಾತನ್ನು ನಾನು ಹಿಂದೆಯೂ ಒಮ್ಮೆ ಕೇಳಿದ್ದೆ. ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಮಕ್ಕಳನ್ನು ಶಹಾಪುರದ ಬೆಟ್ಟಕ್ಕೆ ಕರೆದೊಯ್ದಿದ್ದೆವು. ದೂರದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುವ ಬೆಟ್ಟ. ಅದರ ಕಲ್ಲು, ಇಳಿಜಾರು, ಕೆರೆಗೆ ಹರಿದು ಬರುವ ನೀರು, ಎಲ್ಲವನ್ನೂ ಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ಬಿಡಿಸಿ ಪಾಠ ಮಾಡಿದವಳು ನಾನು. ಬೆಟ್ಟದ ಬುಡ ಮುಟ್ಟಿದಾಗ ಇದೇ ಪಿ.ಟಿ. ಮಾಸ್ತರರು, "ಅಕ್ಕೋರ, ನೀವು ಇಲ್ಲೇ ಕೂಡ್ರಿ. ಬುತ್ತಿ ಡಬ್ಬಿ ಮಂಗ್ಯಾ ಒಯ್ದಾವು" ಎಂದು ಹೇಳಿ, ನನ್ನ ಉತ್ತರಕ್ಕೂ ಕಾಯದೆ ಸೀಟಿ ಊದಿದರು. ನಲವತ್ತೆರಡು ಡಬ್ಬಿಗಳ ನಡುವೆ ಬೇವಿನ ಗಿಡದ ಕೆಳಗೆ ಕುಳಿತೆ. ಇಳಿದು ಬಂದ ಮಕ್ಕಳು ಮೇಲಿಂದ ಏನೇನು ಕಂಡಿತೆಂದು ನನಗೆ ಪಾಠ ಹೇಳಿದರು. ಮಂಗ ಒಂದೂ ಬಂದಿರಲಿಲ್ಲ.

"ನಡೀತೀನ್ರಿ ನಾ. ಗಂಟು ಹೊತ್ತೇ ನಡೀತೀನಿ," ಎಂದೆ ಈ ಸಲ.

"ಆಯ್ತ್ರಿ ಆಯ್ತ್ರಿ. ಮೊದಲ ಸಾಮಾನು ಕೂಡಸ್ರಿ, ತಕ್ಕಡಿ ಮ್ಯಾಲೆ ಇಡ್ರಿ, ಆಮ್ಯಾಲೆ ನೋಡೂಣು," ಎಂದರು, ಮಗುವನ್ನು ಸಮಾಧಾನ ಮಾಡುವವರಂತೆ.

ಉಳಿದವರೆಲ್ಲ ಮೊಬೈಲಿನಲ್ಲಿ ಒತ್ತಿ ಮನೆ ಬಾಗಿಲಿಗೆ ತರಿಸಿಕೊಂಡರು. ನನಗೆ ಆ ದಾರಿ ಬೇಡವಾಗಿತ್ತು. ಹಿಂದೊಮ್ಮೆ ಹಾಗೆ ತರಿಸಿದ ಚಪ್ಪಲಿ ಎರಡೂ ಎಡಗಾಲಿನವೇ ಬಂದಿದ್ದವು. ಮರಳಿ ಒಯ್ಯಲು ಬಂದವನು ತಪ್ಪು ನನ್ನದೇ ಇರಬೇಕೆಂಬಂತೆ ಬಗ್ಗಿ ನನ್ನ ಪಾದ ನೋಡಿದ್ದ.

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಚೀಲದ ಅಂಗಡಿಗಳು ನಾಲ್ಕಿವೆ. ನಾಲ್ಕನ್ನೂ ಹತ್ತಿ ಇಳಿದೆ. ಗೊಂಬೆ ಮುಖದ ಶಾಲೆಯ ಚೀಲಗಳು, ಮದುವೆಗೆ ಒಯ್ಯುವ ಪೆಟ್ಟಿಗೆಗಳು. ನನಗೇ ಬೇಕು ಎಂದಾಗ ಒಬ್ಬ ಅಂಗಡಿಯವನು ಗಂಭೀರವಾಗಿ, "ಹಂಗಂದ್ರ ಗಾಲಿಂದು ಒಯ್ರಿ ಅಕ್ಕೋರ, ಎಳಕೊಂಡು ಹೋಗಾಕ ಹಗರ ಆಕ್ಕೈತಿ" ಎಂದ. ಹೊಲದ ಬದುವಿನ ಮೇಲೆ ಗಾಲಿ ಎಳೆಯುವುದು ಹೇಗೆಂದು ನಾನು ಕೇಳಲಿಲ್ಲ. ಕೊನೆಗೆ ಚೀಲ ಸಿಕ್ಕಿದ್ದು ಖಾಕಿ ಬಟ್ಟೆ, ಬೂಟು, ಬೆಲ್ಟು ಮಾರುವ ಅಂಗಡಿಯಲ್ಲಿ. ಪೊಲೀಸ್ ಭರ್ತಿಗೆ ಹೋಗುವ ಹುಡುಗರು ಕೊಳ್ಳುವ ಹಸಿರು ಚೀಲ. ಸೊಂಟಕ್ಕೆ ಬಿಗಿಯುವ ಅಗಲ ಪಟ್ಟಿ ಇರುವಂಥದು. ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯಬೇಕಾದರೆ ಆ ಪಟ್ಟಿ ಬೇಕೇ ಬೇಕು. ಸೀರೆಯ ಮೇಲೆ ಅದನ್ನು ಬಿಗಿದುಕೊಂಡು ಅಂಗಡಿಯಲ್ಲೇ ಹನ್ನೆರಡು ಹೆಜ್ಜೆ ನಡೆದೆ. ಬೂಟು ನೋಡುತ್ತಿದ್ದ ಇಬ್ಬರು ಗೋಡೆಯ ಕಡೆ ಮುಖ ಮಾಡಿ ನಕ್ಕರು.

ಶಹಾಪುರದಲ್ಲಿ ಪಂಪುಸೆಟ್ಟಿನ ಅಂಗಡಿಗೆ ಹೋಗಬೇಕು. ರಾತ್ರಿ ಕರೆಂಟು ಬಂದಾಗ ಹೊಲಕ್ಕೆ ನೀರು ಬಿಡುವ ರೈತರು ಹಣೆಗೆ ಕಟ್ಟಿಕೊಳ್ಳುವ ಬ್ಯಾಟರಿ ಅಲ್ಲಿ ಸಿಗುತ್ತದೆ. ಅಂಥ ಗಟ್ಟಿ ಸಾಮಾನು ಬೇರೆಲ್ಲೂ ಕಾಣಲಿಲ್ಲ. ಹಾಸಲು ಹಗುರಾದ ಚಾಪೆ ಆಟದ ಸಾಮಾನಿನ ಅಂಗಡಿಯಲ್ಲಿ ದೊರೆಯಿತು. ಹೊದೆಯಲು ತೆಳ್ಳನೆಯ ರಜಾಯಿ ಕೇಳಿ ಗಾದಿ ಅಂಗಡಿಗೆ ಹೋದರೆ, ಅರಳೆ ಹಿಂಜುತ್ತಿದ್ದ ಮುದುಕ ಕೆಲಸ ನಿಲ್ಲಿಸಿ ನನ್ನನ್ನು ಮರುಕದಿಂದ ನೋಡಿದ.

"ಈ ವಯಸ್ಸಿನ್ಯಾಗ ನೆಲದ ಮ್ಯಾಲೆ ಯಾಕ್ರಿ ಅಕ್ಕೋರ? ಮನ್ಯಾಗ ಸೊಸಿ ಏನರ ಅಂದ್ಲೇನು?"

ಸೊಸೆಯೂ ಇಲ್ಲ ಎಂದೆ. ಅವನ ಮರುಕ ಇನ್ನೂ ಹೆಚ್ಚಿತು. ಬಸ್ಸಿನಲ್ಲಿ ಮರಳುವಾಗ ಬೆಟ್ಟ ಎಡಕ್ಕಿತ್ತು. ನಾನು ಬಲಕ್ಕೆ ನೋಡುತ್ತ ಕುಳಿತೆ.

ಡೇರೆ ಎಲ್ಲಿಯೂ ಸಿಗಲಿಲ್ಲ. ಸುರಪುರದಲ್ಲಿ ಲಾರಿಗಳ ತಾಡಪತ್ರಿ, ಟ್ರ್ಯಾಕ್ಟರಿನ ಹೊದಿಕೆ ಹೊಲಿಯುವ ದರ್ಜಿಯೊಬ್ಬನಿದ್ದಾನೆ ಎಂದು ಪಂಪುಸೆಟ್ಟಿನವನು ಹೇಳಿದ್ದ. ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದುಕೊಂಡು ಹೋದೆ. ಉದ್ದ ಏಳು ಅಡಿ, ಅಗಲ ನಾಲ್ಕು, ಎತ್ತರ ಮೂರು. ಬಟ್ಟೆ ಮೋಟರ್‌ಸೈಕಲ್ಲಿಗೆ ಹೊದಿಸುವ ತೆಳುವಾದದ್ದು. ಕಂಬಕ್ಕೆ ನಾನು ಊರಿಕೊಂಡು ನಡೆಯುವ ಎರಡು ಬಿದಿರು ಕೋಲುಗಳೇ ಸಾಕು. ಅವು ಚೀಲದ ತೂಕಕ್ಕೆ ಸೇರುವುದಿಲ್ಲ. ದರ್ಜಿ ನಲವತ್ತರ ಆಸುಪಾಸಿನ ಮಿತಮಾತಿನ ಮನುಷ್ಯ. ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದ. ಮೊಮ್ಮಗನ ವಿಷಯ ಅವನೂ ಕೇಳಿದ. ಆದರೆ ಉತ್ತರ ಕೇಳಿ ನಗಲಿಲ್ಲ.

ವಾರದ ನಂತರ ಹೋದಾಗ ಅಂಗಡಿಯ ಮುಂದಿನ ಬಯಲಿನಲ್ಲಿ ಡೇರೆ ಕಟ್ಟಿ ನಿಲ್ಲಿಸಿದ್ದ. ನನ್ನ ತಲೆಗಿಂತ ಒಂದು ಗೇಣು ಎತ್ತರವಿತ್ತು. ಆ ಎತ್ತರಕ್ಕೆ ನನ್ನ ಕೋಲು ಸಾಲವೆಂದು ಎರಡು ಕಬ್ಬಿಣದ ಕೊಳವೆ ನಿಲ್ಲಿಸಿದ್ದ.

"ಏನಿದು? ಮೂರು ಅಡಿ ಬರದಿದ್ದೆ ನಾ."

"ಬರದಿದ್ರಿ. ನೋಡೀನ್ರಿ."

"ಮತ್ತ?"

"ಮೂರು ಅಡಿ ಅಂದ್ರ ನಾಯಿ ಒಳಗ ಹೋದಂಗ ಡೊಗ್ಗಾಲು ಹಚ್ಚಿ ಹೋಗಬೇಕಾಕ್ಕೈತ್ರಿ. ನಿಮ್ಮಂಥಾ ಹಿರೇ ಮನುಷ್ಯಾರನ್ನ ಹಂಗ ನುಸಿಯಾಕ ಹಚ್ಚಲೇನ್ರಿ? ನನ್ನ ಕೈ ಏಳಲಿಲ್ಲ."

ಅವನು ನಿಜವಾಗಿಯೂ ಹೆಮ್ಮೆಯಿಂದ ನಿಂತಿದ್ದ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ, ನಾನು ತುಂಬಿಕೊಂಡು ಬಂದಿದ್ದ ಚೀಲದ ಜೊತೆ ಡೇರೆಯನ್ನೂ ಇಟ್ಟು ತೂಗಿದೆವು. ಹತ್ತು ಕಿಲೋ ಆರುನೂರು ಗ್ರಾಂ. ಗೌರವ ಕೊಟ್ಟವರು ನನ್ನನ್ನು ಜೀಪಿಗೆ ಹತ್ತಿಸುತ್ತಿದ್ದರು. ನಕ್ಕವರೂ ಹತ್ತಿಸುತ್ತಿದ್ದದ್ದು ಅದೇ ಜೀಪಿಗೆ. ನನಗೆ ಎರಡರ ವ್ಯತ್ಯಾಸ ಆ ಹೊತ್ತಿಗೆ ತಿಳಿಯಲಿಲ್ಲ. ಕತ್ತರಿಸು ಎಂದೆ. ಅವನು ಕತ್ತರಿ ಕೈಗೆತ್ತಿಕೊಂಡ. "ಒಲ್ಲದ ಮನಸಿಲೆ ಕತ್ತರಸ್ತೀನ್ರಿ," ಎಂದ. ನಾನು ಸ್ಟೂಲಿನ ಮೇಲೆ ಕುಳಿತು, ಅವನು ಮೂರು ಅಡಿಗೆ ಇಳಿಸಿ ಹೊಲಿದು ಮುಗಿಸುವವರೆಗೆ ಕದಲಲಿಲ್ಲ.

ಮರುದಿನ ಸಂಜೆ ಮನೆಯ ಮಾಳಿಗೆಯ ಮೇಲೆ, ಹಗ್ಗದ ತುದಿಗಳನ್ನು ಇಟ್ಟಿಗೆಗೆ ಬಿಗಿದು ಡೇರೆ ಕಟ್ಟಿದೆ. ಮೊಣಕಾಲೂರಿ ಒಳಗೆ ನುಸಿದೆ. ಮಲಗಿದೆ. ಎಲ್ಲವೂ ನನ್ನ ಅಳತೆಯಂತೆಯೇ ಇತ್ತು. ಏಳಲು ಹೋದಾಗ ಏಳಲಾಗಲಿಲ್ಲ. ಕೂರಬಹುದಿತ್ತು, ಆದರೆ ಕುಳಿತಲ್ಲಿಂದ ಮಂಡಿಗೆ, ಮಂಡಿಯಿಂದ ಅಂಗೈಗೆ ಭಾರ ಹಾಕಿ ತಲೆ ಬಗ್ಗಿಸಿ ಹೊರಗೆ ಬರುವ ಆ ಮೂರು ಹಂತಗಳಲ್ಲಿ ಎರಡನೆಯದಕ್ಕೇ ಎಡಗಾಲು ಒಪ್ಪಲಿಲ್ಲ. ನೆಟ್ಟಗೆ ಎದ್ದು ನಿಲ್ಲಲು ಜಾಗವಿದ್ದರೆ ಕೋಲು ಹಿಡಿದು ಏಳಬಲ್ಲೆ. ಬಗ್ಗಿಕೊಂಡು ತೆವಳುವುದು ನನ್ನಿಂದ ಆಗದು. ಎದುರು ಮಾಳಿಗೆಯಾಕೆ ಒಣಹಾಕಿದ್ದ ಮೆಣಸಿನಕಾಯಿ ಬಾಚಿಕೊಂಡು ಹೋದಳು. ನಾನು ಕರೆಯಲಿಲ್ಲ. ಕಡೆಗೆ ಕೋಲನ್ನೇ ಕಿತ್ತು, ಡೇರೆಯನ್ನು ಮೈಮೇಲೆ ಕೆಡವಿಕೊಂಡು, ಬಟ್ಟೆಯನ್ನು ತಲೆಯ ಮೇಲಿಂದ ಸರಿಸಿ ಎದ್ದೆ. ಅಳು ಬರಲಿಲ್ಲ. ಇಷ್ಟು ಊರು ಅಲೆದು, ಇಷ್ಟು ಜನರಿಗೆ ಉತ್ತರ ಕೊಟ್ಟು, ನನ್ನ ಮೊಣಕಾಲಿನ ಎದುರು ಸೋತೆನಲ್ಲ ಎಂಬ ಆಯಾಸ ಮಾತ್ರ ಇತ್ತು.

ಸುರಪುರದ ಬಸ್ಸು ಹತ್ತಲು ಎರಡು ದಿನ ಬೇಕಾಯಿತು. ದರ್ಜಿಯ ಎದುರು ನಿಂತು ನಡೆದದ್ದನ್ನು ನಡೆದಂತೆಯೇ ಹೇಳಿದೆ. "ನಾ ಅಂದಿದ್ದಿಲ್ಲೇನ್ರಿ" ಎಂಬ ಮಾತಿಗೆ ಮನಸ್ಸನ್ನು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಅವನು ಆ ಮಾತು ಆಡಲಿಲ್ಲ. ಹತ್ತಿ ತುಂಬಿ ಹೊರಗೆ ನಿಂತಿದ್ದ ಲಾರಿಯ ಕಡೆ ಕೈ ತೋರಿಸಿದ.

"ಲಾರ್‍ಯಾಗ ಮಾಲು ತುಂಬಾವ್ರು ತಾಡಪತ್ರಿ ಕೆಳಗ ಬಗ್ಗಿ ಹೋಗ್ತಾರೇನ್ರಿ? ಹಗ್ಗ ಬಿಚ್ಚಿ, ಮ್ಯಾಲಿಂದ ತಗೀತಾರ."

ಡೇರೆಯ ನೆತ್ತಿಯ ಹೊಲಿಗೆಯನ್ನು ಅವನು ಉದ್ದಕ್ಕೂ ಬಿಚ್ಚಿದ. ಎರಡೂ ಅಂಚಿಗೆ ಲಾರಿಯ ತಾಡಪತ್ರಿಗೆ ಹಾಕುವಂತೆ ಹಿತ್ತಾಳೆಯ ಬಳೆ ಕೂರಿಸಿ, ಒಳಗಿನಿಂದ ಬಿಗಿಯುವ ಹಾಗೆ ದಾರ ಪೋಣಿಸಿದ. ಮಳೆ ನೀರು ಇಳಿಯದಿರಲೆಂದು ಮೇಲೆ ನಾಲ್ಕು ಬೆರಳಿನ ಪಟ್ಟಿ ಮುಚ್ಚಿದ. ಒಂದು ಗಂಟು ಎಳೆದರೆ ದಾರ ಸಡಿಲಾಗಿ, ನೆತ್ತಿ ಎರಡು ಪಾಲಾಗಿ ಎರಡೂ ಬದಿಗೆ ಬೀಳುತ್ತದೆ. ಕುಳಿತವರು ಕೋಲು ಹಿಡಿದು ನೆಟ್ಟಗೆ ಎದ್ದು ನಿಲ್ಲಬಹುದು.

"ಈಗ ಬಗ್ಗೂ ಹಂಗಿಲ್ರಿ," ಎಂದ. ಮೂರು ಅಡಿಯೇ ಉಳಿದಿದೆಯೇ ಎಂದು ನಾನು ಟೇಪು ಹಿಡಿದು ನೋಡಿದೆ. ಉಳಿದಿತ್ತು.

ಹೊರಡುವ ಬೆಳಿಗ್ಗೆ ಪಿ.ಟಿ. ಮಾಸ್ತರರು ನನ್ನ ಚೀಲವನ್ನು ಎರಡು ಸಲ ತೂಗಿದರು. ಉಳಿದವರದನ್ನು ಒಂದೊಂದೇ ಸಲ. ಏಳು ಕಿಲೋ ಎಂಟುನೂರು. "ನೀರಿನ ಬಾಟ್ಲಿ ಹಾಕೀರೇನ್ರಿ?" ಎಂದರು. ಹಾಕಿದ್ದೆ. ಆ ದಿನದ ನಡಿಗೆಯ ಬಗ್ಗೆ ಹೆಚ್ಚು ಬರೆಯಲಾರೆ. ಧೂಳು, ಒಣಗಿದ ಹತ್ತಿಯ ಕಟ್ಟಿಗೆ, ಹೆಗಲ ಉರಿ. ನಾನು ಎಲ್ಲರಿಗಿಂತ ಹಿಂದಿದ್ದೆ. ಜೀಪು ಎರಡು ಸಲ ನನ್ನ ಪಕ್ಕದಲ್ಲಿ ಸಾವಕಾಶವಾಗಿ ಬಂದು, ಬಾಗಿಲು ತೆರೆದು, ಮತ್ತೆ ಮುಚ್ಚಿಕೊಂಡು ಹೋಯಿತು.

ಮರುದಿನ ಹೊತ್ತು ಮೂಡುವಾಗ ಹತ್ತಿ ಬಿಡಿಸಿದ ಹೊಲದಲ್ಲಿ ನಮ್ಮ ಎಂಟು ಡೇರೆಗಳಿದ್ದವು. ದಾರದ ಗಂಟು ಎಳೆದೆ. ನೆತ್ತಿ ತೆರೆಯಿತು. ಕೋಲು ಊರಿ ಎದ್ದು ನಿಂತೆ. ಮೊಣಕಾಲು ನೋಯಿತು, ಆದರೆ ಎದ್ದೆ. ಉಳಿದ ಡೇರೆಗಳಿಂದ ಒಬ್ಬೊಬ್ಬರೇ ತೆವಳಿ ಹೊರಬರುತ್ತಿದ್ದರು. ಪಿ.ಟಿ. ಮಾಸ್ತರರು ಹಿಮ್ಮುಖವಾಗಿ, ಮೊದಲು ಕಾಲು, ಆಮೇಲೆ ಸೊಂಟ ಹೊರಹಾಕಿ, ಅಂಗೈ ನೆಲಕ್ಕೂರಿ, ಹಾಗೇ ಉಳಿದುಬಿಟ್ಟರು. ಮೇಲೇಳಲು ಅವರಿಗೂ ಆಗುತ್ತಿರಲಿಲ್ಲ.

ಹೇಳಬೇಕೆಂದು ಇಷ್ಟು ವರ್ಷ ಕಾದಿಟ್ಟ ಮಾತು ನಾಲಿಗೆಯ ತುದಿಗೆ ಬಂತು: ನೀವು ಇಲ್ಲೇ ಕೂಡ್ರಿ ಸರ, ಬುತ್ತಿ ಕಾಯ್ರಿ. ಹೇಳಲಿಲ್ಲ. ಕ್ಷಮಿಸಿದೆ ಎಂದಲ್ಲ. ಅಷ್ಟು ಬೆಳಿಗ್ಗೆ ಅಷ್ಟು ಮಾತಾಡುವ ತ್ರಾಣ ನನ್ನಲ್ಲಿರಲಿಲ್ಲ. ಹೋಗಿ ಕೋಲಿನ ತುದಿ ಚಾಚಿದೆ. ಅವರು ಅದನ್ನು ಹಿಡಿದು ಎದ್ದರು.

ಸೊಂಟ ನೆಟ್ಟಗೆ ಮಾಡಿಕೊಂಡ ಮೇಲೆ ಅವರ ಕಣ್ಣು ನನ್ನ ಡೇರೆಯ ಮೇಲೆ ಹೋಯಿತು.

"ಅಯ್ಯ, ನಿಮ್ಮ ಡೇರೆ ಬಿದ್ದೈತಲ್ರಿ ಅಕ್ಕೋರ!"

"ಬಿದ್ದಿಲ್ರಿ. ನಾ ಬಿಚ್ಚೀನಿ."

ಅವರು ಹಿತ್ತಾಳೆಯ ಬಳೆಗಳನ್ನೂ ದಾರವನ್ನೂ ಬಗ್ಗಿ ಬಹಳ ಹೊತ್ತು ನೋಡಿದರು. ಎಲ್ಲಿ ಹೊಲಿಸಿದಿರಿ ಎಂದು ಕೇಳಿದರು. ಸುರಪುರದಲ್ಲಿ ಎಂದಷ್ಟೇ ಹೇಳಿದೆ. ಯಾವ ಅಂಗಡಿ ಎಂದು ಅವರು ಕೇಳಿದ್ದು ನನಗೆ ಕೇಳಿಸಿತು. ಡೇರೆ ಮಡಚುವ ಕೆಲಸವಿತ್ತು. ಚೀಲ ಹೆಗಲಿಗೇರಿಸಿ ಸೊಂಟದ ಪಟ್ಟಿ ಬಿಗಿದೆ. ಜೀಪು ಬುತ್ತಿಯ ಗಂಟು ಹೊತ್ತು ಮುಂದೆ ಹೋಯಿತು. ಅದರಲ್ಲಿ ಡ್ರೈವರನ ಹೊರತು ಯಾರೂ ಇರಲಿಲ್ಲ.