ಎರಡು ಜಾಲ, ಒಂದು ಬ್ಯಾಟರಿ

ಉಪ್ಪಿನಬೆಟಗೇರಿಯ ಮಾಲತೇಶ ಹುಟ್ಟಿದ ವರ್ಷವೇ ತಾಯಿಯನ್ನು ಕಳೆದುಕೊಂಡ. ಅವನನ್ನು ಎತ್ತಿ ಬೆಳೆಸಿದವಳು ಅಕ್ಕ ಸತ್ಯವ್ವ. ಅದೇ ಊರಿನ ಹೊಳೆಯಪ್ಪನನ್ನು ಮದುವೆಯಾಗುವಾಗ ಅವಳು ಕೇಳಿಕೊಂಡದ್ದು ಒಂದೇ, ತಮ್ಮನೂ ತನ್ನ ಜೊತೆ ಬರಬೇಕು ಎಂದು. "ಬರ್ಲಿ ತೊಗೊ, ಮನ್ಯಾಗ ಒಂದ ಗಂಡು ಹೆಚ್ಚಾದ್ರ ನನಗೂ ಮಾತಿಗೆ ಆತು" ಎಂದಿದ್ದ ಹೊಳೆಯಪ್ಪ. ಧಾರವಾಡದಲ್ಲಿ ಮಾಲತೇಶನನ್ನು ಐಟಿಐ ಓದಿಸಿದವನೂ ಅವನೇ.

ತೊಂಬತ್ತರ ದಶಕದ ಕೊನೆಯಲ್ಲಿ ಮಾಲತೇಶ ಹುಬ್ಬಳ್ಳಿಯ ಎಸ್‌ಟಿಡಿ ಬೂತುಗಳ ಫೋನು ರಿಪೇರಿ ಮಾಡಿಕೊಂಡಿದ್ದ. ಮೊಬೈಲ್ ಬಂದ ಮೇಲೆ ಬೂತುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅವನು ರಾಯಾಪುರದಲ್ಲಿ ಕಚೇರಿಯಿದ್ದ ಒಂದು ಮೊಬೈಲ್ ಕಂಪನಿ ಸೇರಿದ. ಧಾರವಾಡದ ಸುತ್ತಲಿನ ಹಳ್ಳಿಗಳ ಟವರುಗಳನ್ನು ನೋಡಿಕೊಳ್ಳುವ ಕೆಲಸ. ತನ್ನೂರಲ್ಲಿ ಒಂದೇ ಒಂದು ಟವರ್ ಎದ್ದಾಗ ಅಕ್ಕನಿಗೆ ಒಂದು ಹ್ಯಾಂಡ್‌ಸೆಟ್ ತಂದುಕೊಟ್ಟು, ತನ್ನ ನಂಬರ್ ಒತ್ತುವುದನ್ನು ಕಲಿಸಿದ.

2009ರ ಹೊತ್ತಿಗೆ ಕಂಪನಿ ಇಂಟರ್ನೆಟ್ ಜೋರಾಗಿ ಓಡುವ ಹೊಸ ಜಾಲವನ್ನು ಪರೀಕ್ಷೆಗೆಂದು ಉಪ್ಪಿನಬೆಟಗೇರಿಗೆ ತಂದಿತು. ಹೊಸ ಟವರು, ಹೊಸ ಬ್ಯಾಟರಿಗಳಿಗೆ ಖರ್ಚು ಮಾಡಲು ಮೇಲಿನವರು ಒಪ್ಪಲಿಲ್ಲ. ಹಳೆಯ ಟವರಿಗೇ ಹೊಸ ಪೆಟ್ಟಿಗೆ ಕಟ್ಟಿ, ಮಾತಿಗಿದ್ದ ಹಳೆಯ ಜಾಲ, ಹೊಸ ಜಾಲ ಎರಡನ್ನೂ ಅದೇ ಹಳೆಯ ಬ್ಯಾಟರಿಗಳ ಮೇಲೆ ನಡೆಸಿ ಎಂದರು. ಮಾಲತೇಶ ನಡೆಸಿ ತೋರಿಸಿದ. ಕರೆಂಟು ಹೋಗಿ ಬ್ಯಾಟರಿ ಇಳಿಯತೊಡಗಿದರೆ ಮೊದಲು ಹೊಸ ಜಾಲ ಆರಿ, ಹಳೆಯದು ಕೊನೆಯವರೆಗೂ ಉಳಿಯುವಂತೆ ಅವನು ತಂತಿ ಜೋಡಿಸಿದ್ದ.

ಇಂಜಿನಿಯರ್ ಶಶಿಕಾಂತ ಬಂದು ನೋಡಿದರು. "ಇದನ್ನ ಉಲ್ಟಾ ಮಾಡಪಾ. ಮೊದ್ಲ ಹಳೇದು ಬಂದ್ ಆಗ್ಲಿ."

"ಸಾಹೇಬ್ರ, ಹೊಸಾ ಜಾಲ ಹಿಡಿಯೋ ಫೋನು ಊರಾಗ ಒಬ್ರ ಹಂತ್ಯಾಕೂ ಇಲ್ರಿ. ಹಳೇದು ಬಂದ್ ಆದ್ರ ಇಡೀ ಊರ ಮೂಕ ಆಕ್ಕೈತ್ರಿ."

"ನನಗೂ ಗೊತ್ತದ. ಆದ್ರ ಪರೀಕ್ಷಾ ನಡದಿದ್ದು ಹೊಸಾದ್ರದ್ದು. ಅದು ಬಿದ್ರ ಉತ್ತರ ಕೊಡಾಂವ ನಾನು. ಪರೀಕ್ಷಾ ಮುಗೀಲಿ, ಆಮ್ಯಾಲೆ ಮತ್ತ ಮೊದ್ಲಿನಂಗ ಮಾಡಿ ಬಿಡು."

ಕಪ್ಪಿನ ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಮಾಲತೇಶ ತಂತಿ ಬದಲಿಸಿದ.

ಮುಂಗಾರಿನ ಮೊದಲ ಗಾಳಿಮಳೆಗೆ ಲೈನ್ ಕಂಬಗಳು ಉರುಳಿ ಊರಿನ ಕರೆಂಟು ಹೋಯಿತು. ಟವರಿನ ಜನರೇಟರನ್ನು ಕಂಪನಿ ಖರ್ಚು ಉಳಿಸಲೆಂದು ಹಿಂದೆಯೇ ಒಯ್ದಿತ್ತು. ಮರುದಿನ ಮಧ್ಯಾಹ್ನ ಹೊಲದ ಬಣವೆಯಿಂದ ಮೇವು ಹಿರಿಯುತ್ತಿದ್ದ ಹೊಳೆಯಪ್ಪನ ಕೈಗೆ ಹಾವು ಕಚ್ಚಿತು. ಸತ್ಯವ್ವ ತಮ್ಮನ ನಂಬರ್ ಒತ್ತಿದಳು. ಮತ್ತೆ ಒತ್ತಿದಳು. ಊರೊಳಗೆ ಓಡಿ ಬಂದು ನೋಡಿದರೆ ಯಾರ ಫೋನಿನಲ್ಲೂ ಸಿಗ್ನಲ್ ಇರಲಿಲ್ಲ. ಊರಿನ ಒಂದೇ ಜೀಪು ಯಮನಪ್ಪನದು, ಅದು ಪಕ್ಕದ ಹಳ್ಳಿಗೆ ಹೋಗಿತ್ತು, ಕರೆಸುವ ದಾರಿಯಿಲ್ಲ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಿದ್ದ ಮರಗಳನ್ನು ಸುತ್ತುಹಾಕುತ್ತ ಅವಳು ಧಾರವಾಡ ಮುಟ್ಟಿದಳು. "ಸ್ವಲ್ಪ ಲಗೂ ತರಬೇಕಿತ್ರಿ" ಎಂದರು ಡಾಕ್ಟರು.

ಅದೇ ಹೊತ್ತಿಗೆ ರಾಯಾಪುರದ ಕಚೇರಿಯ ಪರದೆಯ ಮೇಲೆ ಹೊಸ ಜಾಲದ ಗುರುತು ಹಸಿರಾಗಿಯೇ ಇತ್ತು. "ಬೆಟಗೇರಿ ಛಲೋ ನಿಂತದ ನೋಡು" ಎಂದು ಶಶಿಕಾಂತ ಮಾಲತೇಶನ ಬೆನ್ನು ತಟ್ಟಿದರು. ಆಸ್ಪತ್ರೆಯಿಂದ ಸುದ್ದಿ ಬಂದದ್ದು ಅದಾದ ಮೇಲೆ.

ಹೊಳೆಯಪ್ಪನ ಮಣ್ಣು ಮುಗಿದು, ಬಂದ ನೆಂಟರು ಹೋದ ಮೇಲೆ ಸತ್ಯವ್ವ ತಮ್ಮನನ್ನು ಕೇಳಿದಳು.

"ಎಷ್ಟ ಸಲ ಒತ್ತಿದ್ನೋ ತಮ್ಮಾ. ಮಳಿಗೆ ಟವರ್ ಕೆಟ್ಟಿತ್ತೇನು?"

ಹೌದು ಎಂದಿದ್ದರೆ ಅವಳು ನಂಬುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಕೆಟ್ಟಿರ್ಲಿಲ್ಲಕ್ಕಾ. ನಾವ ಬಂದ್ ಆಗೂ ಹಂಗ ಮಾಡಿಟ್ಟಿದ್ವಿ." ಉಳಿದದ್ದನ್ನೂ ಬಿಡದೆ ಹೇಳಿದ.

ಸತ್ಯವ್ವ ಕೈಯಲ್ಲಿದ್ದ ಹ್ಯಾಂಡ್‌ಸೆಟ್ ನೆಲದ ಮೇಲಿಟ್ಟಳು. "ಹೇಳಿದವರು ಸಾಹೇಬ್ರು. ಮಾಡಿದವ್ರು ಯಾರು?"

"ನಾನ."

ಅವಳು ಎದ್ದು ಒಳಗೆ ಹೋದಳು.

ಮಾಲತೇಶ ಆ ಸಂಜೆಯೇ ಟವರಿಗೆ ಹೋಗಿ ಯಾರನ್ನೂ ಕೇಳದೆ ತಂತಿಗಳನ್ನು ಮೊದಲಿನಂತೆ ಜೋಡಿಸಿದ. ಮುಂದಿನ ಸಲ ಕರೆಂಟು ಹೋದಾಗ ಹೊಸ ಜಾಲ ಬಿತ್ತು, ಪರೀಕ್ಷೆ ಕೆಟ್ಟಿತು. ಅವನನ್ನು ಕೆಲಸದಿಂದ ತೆಗೆದರು. ಅವನ ಜಾಗಕ್ಕೆ ಬಂದವನಿಂದ ತಂತಿ ಮತ್ತೆ ತಿರುವುಮುರುವು ಮಾಡಿಸಿದರು ಎಂಬುದು ಆಮೇಲೆ ತಿಳಿಯಿತು. ಮಾಲತೇಶ ಊರ ಹಿರಿಯರನ್ನು ಕರೆದುಕೊಂಡು ಕಚೇರಿಗೆ ಹೋದ. ಬಾಗಿಲಲ್ಲಿದ್ದವನು ಒಳಗೆ ಬಿಡಲಿಲ್ಲ.

ಈಗ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅವನದೊಂದು ಮೊಬೈಲ್ ರಿಪೇರಿ ಅಂಗಡಿಯಿದೆ. ಬಿತ್ತನೆಯ ದಿನಗಳಲ್ಲಿ ಅಂಗಡಿ ಮುಚ್ಚಿ ಊರಿಗೆ ಹೋಗುತ್ತಾನೆ. ಸತ್ಯವ್ವ ಬೇಡ ಎನ್ನುವುದಿಲ್ಲ, ಬಾ ಎಂದೂ ಅನ್ನುವುದಿಲ್ಲ. ಅವನು ಮುಂದೆ ಎತ್ತು ನಡೆಸುತ್ತಾನೆ, ಅವಳು ಹಿಂದೆ ಕೂರಿಗೆಯಲ್ಲಿ ಕಾಳು ಬಿಡುತ್ತಾಳೆ. ಹೊಲದ ಈ ಬದುವಿನಿಂದ ಆ ಬದುವಿನವರೆಗೆ ಎತ್ತಿನ ಗಂಟೆಯ ಸಪ್ಪಳವೊಂದೇ.