ಎತ್ತಿ ಕುಡಿದ ಮದ್ದು

ನನ್ನ ಗಂಡನ ಎದೆ ಕೆಟ್ಟದ್ದು ಹೊಗೆಯಿಂದ. ಬೀಡಿ ಸಿಗರೇಟಿನ ಹೊಗೆ ಅಲ್ಲ, ಸೌದೆ ಒಲೆಯದ್ದು. ಉಡುಪಿ ಕಡೆಯಿಂದ ಸಣ್ಣವರಿದ್ದಾಗಲೇ ಮದ್ರಾಸಿಗೆ ಬಂದು, ಹೋಟೆಲಿನಲ್ಲಿ ಸಾಂಬಾರು ಕುದಿಸುತ್ತಲೇ ಮುದುಕರಾದವರು. ಗ್ಯಾಸ್ ಬರುವಷ್ಟರಲ್ಲಿ ಎದೆಯೊಳಗೆ ಆಗಬೇಕಾದದ್ದು ಆಗಿ ಹೋಗಿತ್ತು. ವೆಸ್ಟ್ ಮಾಂಬಲಂನಲ್ಲಿ ನಮ್ಮದು ಎರಡನೇ ಮಹಡಿ. ಇಳಿದರೆ ಹತ್ತಲು ಉಸಿರಿಲ್ಲವೆಂದು ಇಳಿಯುವುದನ್ನೇ ಬಿಟ್ಟರು, ಡಾಕ್ಟರ ಹತ್ತಿರ ಹೋಗುವಾಗ ಬಿಟ್ಟು. ಮಾತೂ ತುಂಡು ತುಂಡಾಯಿತು. ‘ಕಾಫಿ’ ಎಂದು ನಿಲ್ಲುವರು, ಉಸಿರು ಎಳೆದುಕೊಂಡು ‘ಕೊಡು’ ಎನ್ನುವರು. ಇಡೀ ಹೋಟೆಲಿಗೆ ಕೇಳುವಂತೆ ಕೂಗುತ್ತಿದ್ದ ಮನುಷ್ಯ.

ಉಸಿರಿನ ಕೊಳವೆಗಳೊಳಗೆ ಊತ ಇದೆ, ಪೂರ್ತಿ ಗುಣವಾಗುವ ಕಾಯಿಲೆ ಅಲ್ಲ, ಊತ ಇಳಿಸಿಕೊಂಡು ಬದುಕಬೇಕು ಎಂದರು ಡಾಕ್ಟರಮ್ಮ. ಬಾಯಿಂದ ಎಳೆದುಕೊಳ್ಳುವ ಒಂದು ಪಂಪು ಕೊಟ್ಟರು.

ಊತ ಎಂಬ ಮಾತೊಂದೇ ನನಗೆ ಸಾಕಾಯಿತು. ಊತಕ್ಕೆ ನಮ್ಮಲ್ಲಿ ಮದ್ದಿಲ್ಲವೇ? ಕಾಲು ಉಳುಕಿದರೆ ಅರಿಶಿನ, ಗಂಟಲು ಕಟ್ಟಿದರೆ ಶುಂಠಿ, ಕೆಮ್ಮಿಗೆ ಆಡುಸೋಗೆ. ನಾನು ಕೈಕಟ್ಟಿ ಕೂರುವವಳಲ್ಲ. ಸ್ಟೇಷನ್ ಹತ್ತಿರದ ನಾಟಿ ಮದ್ದಿನ ಅಂಗಡಿಯಿಂದ ಹಿಪ್ಪಲಿ, ಅತಿಮಧುರ ತಂದೆ. ಆಡುಸೋಗೆಯನ್ನು ತಾರಸಿಯ ಕುಂಡದಲ್ಲಿ ಬೆಳೆಸಿದೆ. ಬೆಳಿಗ್ಗೆ ಕಷಾಯ ಕುದಿಸಿ, ಚೂರು ಬೆಲ್ಲ ಹಾಕಿ ಕೊಟ್ಟರೆ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಗಂಟಲಿಗೆ ಸುರಿದುಕೊಳ್ಳುವರು. ನಮ್ಮಲ್ಲಿ ಹಾಗೆಯೇ, ಕಚ್ಚಿ ಕುಡಿದರೆ ಎಂಜಲು. ಕಫ ತುಸು ಸಡಿಲವಾಗುತ್ತಿತ್ತು. ನಾನು ಬೆನ್ನು ನೀವುತ್ತ ಪಕ್ಕದಲ್ಲೇ ಕೂರುತ್ತಿದ್ದೆ. ಮದುವೆಯಾದ ಹೊಸದರಲ್ಲೂ ನಾವು ಅಷ್ಟು ಹೊತ್ತು ಒಟ್ಟಿಗೆ ಕೂತವರಲ್ಲ. ಆಗ ಹೋಟೆಲು ಬಿಡಬೇಕಲ್ಲ.

ಪಂಪಿನಿಂದ ಮಾತ್ರ ಏನೂ ಆಗಲಿಲ್ಲ. ‘ಅದು ನನಗೆ... ಹಿಡಿಯುದಿಲ್ಲ. ನಿನ್ನ ಕಷಾಯವೇ... ಸಾಕು’ ಎಂದರು. ಸುಳ್ಳು ಯಾಕೆ ಹೇಳಲಿ, ಕೇಳಿ ಉಬ್ಬಿಹೋದೆ. ಆದರೆ ಉಸಿರು ದಿನದಿಂದ ದಿನಕ್ಕೆ ಇಳಿಯಿತು. ‘ಕಷಾಯಂ ಕುಡಿಕ್ಕಟ್ಟುಂ ಮಾಮಿ, ಆನಾ ಪಂಪ್ ವಿಡಕ್ಕೂಡಾದು’ ಎಂದರು ಡಾಕ್ಟರಮ್ಮ. ಕಷಾಯ ಕುಡಿಯಲಿ, ಪಂಪು ಬಿಡಬಾರದು. ಹೀಗೇ ಆದರೆ ಮನೆಯಲ್ಲೇ ಆಕ್ಸಿಜನ್ ಇಡಬೇಕಾದೀತು ಎಂದೂ ಹೇಳಿದರು. ಆಟೋದಲ್ಲಿ ಇವರ ಕೈ ಹಿಡಿದುಕೊಂಡೇ ಬಂದೆ. ನನಗೆ ಹೆದರಿಕೆಯಾಗಿತ್ತು.

ಪಂಪನ್ನು ಅವರು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ತೆಗೆದುಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ನೀರಿನ ಲಾರಿ ಬಂದಿರಲಿಲ್ಲ, ಬಚ್ಚಲಿನ ನಲ್ಲಿ ಒಣಗಿತ್ತು. ಹಾಗಾಗಿ ಕೈ ತೊಳೆಯಲು ಪಂಪು ಹಿಡಿದುಕೊಂಡೇ ಅಡುಗೆಮನೆಯ ಕೊಡದ ಹತ್ತಿರ ಬಂದು ನಿಂತರು. ನಾನು ಆಡುಸೋಗೆ ಎಲೆ ಹೆಚ್ಚುತ್ತಿದ್ದೆ. ತಲೆ ಹಿಂದಕ್ಕೆ ವಾಲಿಸಿ, ಬಾಯಿ ತೆರೆದು, ಪಂಪನ್ನು ಒಂದು ಗೇಣು ಮೇಲೆ ಎತ್ತಿ ಒತ್ತಿದರು, ಚೊಂಬಿನ ನೀರು ಕುಡಿಯುವ ಹಾಗೆ. ಬಿಳಿ ಮಂಜು ಬಂದು ಗಾಳಿಯಲ್ಲಿ ಕರಗಿತು. ಅವರು ಗುಟುಕ್ಕನೆ ನುಂಗಿದರು.

‘ಎಂತ ಮಾಡ್ತಾ ಇದ್ದೀರಿ ನೀವು?’

‘ಮದ್ದು... ತಗೊಳ್ಳುದು.’

‘ಇದೆಂತ ತೀರ್ಥವಾ? ತುಟಿ ಮುಚ್ಚಿ ಎಳೀಬೇಕು ಅಂತ ಹೇಳ್ಲಿಲ್ವಾ ಅವರು?’

‘ಎಂಜಲು ಮಾಡಿದ್ದನ್ನೇ... ನಾಳೆ ಪುನಃ... ಬಾಯಿಗಿಡ್ಲಿಕ್ಕೆ ಉಂಟಾ ಮಾರಾಯ್ತಿ?’

ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದೆ. ಇಷ್ಟು ತಿಂಗಳ ಮದ್ದೆಲ್ಲ ಬಚ್ಚಲಿನ ಗೋಡೆಗೆ ಹೋಗಿತ್ತು, ನನ್ನ ಗಂಡನ ಎದೆಗಲ್ಲ. ‘ಮಡಿ ಮಾಡ್ಲಿಕ್ಕೆ ಮೊದಲು ಜೀವ ಬೇಕಲ್ಲ’ ಎಂದು ಸರಿಯಾಗಿ ಬೈದೆ. ಅವರು ತಲೆ ತಗ್ಗಿಸಿ ಮಣೆಯ ಮೇಲೆ ಕೂತರು. ಅದನ್ನು ನೋಡಿ ನನ್ನ ಸಿಟ್ಟು ಇಳಿಯಿತು. ಊರಿಗೆಲ್ಲ ಬೇಯಿಸಿ ಹಾಕಿದ ಮನುಷ್ಯ. ಒಂದು ಅಗುಳೂ ಎಂಜಲಾಗದಂತೆ ಕಾಯುತ್ತಲೇ ಬದುಕಿದವರು. ಅದನ್ನು ಬೈದು ಬಿಡಿಸುವುದು ಆಗದ ಮಾತು.

ಆಗ ನೆನಪಾಯಿತು: ಪಂಪು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಲೇಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಅದನ್ನೇ ಹೇಳಿದೆ.

‘ಮುಕ್ಕಳಿಸ್ಲಿಕ್ಕೆ... ಉಂಟಾ?’ ಎಂದು ತಲೆ ಎತ್ತಿದರು.

‘ಉಂಟು. ಕೈ ಬಾಯಿ ತೊಳೆದು, ಪಂಪಿನ ಬಾಯನ್ನೂ ತೊಳೆದು, ಬೇರೆಯೇ ಇಡುವ. ಊಟ ಮಾಡಿ ಏಳುದಿಲ್ವಾ, ಹಾಗೇ.’

ಎಂಜಲಾಗದೆ ಉಂಡವರು ಯಾರಿದ್ದಾರೆ ಎಂದು ಅವರಿಗೂ ಅನ್ನಿಸಿರಬೇಕು. ತುಟಿ ಮುಚ್ಚಿ ಎಳೆದರು. ಕೆಮ್ಮು ಬಂತು. ಸುಧಾರಿಸಿಕೊಂಡು ಮತ್ತೆ ಎಳೆದರು, ಆಮೇಲೆ ಅರ್ಧ ಕೊಡ ನೀರು ಖಾಲಿಯಾಗುವವರೆಗೆ ಮುಕ್ಕಳಿಸಿದರು. ನೀರಿಲ್ಲದ ದಿನ, ಆದರೂ ನಾನೇ ಚೊಂಬು ತುಂಬಿ ತುಂಬಿ ಕೊಟ್ಟೆ.

ಕಷಾಯವನ್ನು ನಾನು ಬಿಡಲಿಲ್ಲ, ಪಂಪನ್ನು ಅವರು ಬಿಡಲಿಲ್ಲ. ಕೆಲವು ವಾರ ಕಳೆದ ಮೇಲೆ ಒಂದು ದಿನ ಹಿಪ್ಪಲಿ ಕೈತಪ್ಪಿ ಹೆಚ್ಚು ಬಿತ್ತು. ಒಂದು ಗುಟುಕು ಕುಡಿದವರೇ ಲೋಟ ಕೆಳಗಿಟ್ಟು ಶುರು ಮಾಡಿದರು: ‘ಎಂತ ಕಷಾಯ ಇದು, ಹಿಪ್ಪಲಿ ಹಿಡಿಯಷ್ಟು ಸುರಿದು ಶುಂಠಿ ಮರೆತು ಬೆಲ್ಲ ಕರಗಿಸದೆ ಕೊಟ್ಟರೆ ಮನುಷ್ಯರು ಕುಡಿಯುದು ಹೇಗೆ, ನನ್ನ ಅಡುಗೆಮನೆಯಲ್ಲಿ ಹೀಗೆ ಮಾಡಿದವನನ್ನು ಅವತ್ತೇ ಬಸ್ಸು ಹತ್ತಿಸ್ತಿದ್ದೆ ಗೊತ್ತುಂಟಾ ನಿನಗೆ?’

ಎಲ್ಲೂ ನಿಲ್ಲಲಿಲ್ಲ. ಸೌಟು ಹಿಡಿದುಕೊಂಡು ನಾನು ಅಳುತ್ತ ನಿಂತೆ.

‘ಅಷ್ಟಕ್ಕೆ ಅಳುದೆಂತಕ್ಕೆ?’ ಎಂದು ಗಾಬರಿಯಾದರು.

‘ಇನ್ನೊಂದು ಸಲ ಬೈಯಿರಿ’ ಎಂದೆ.